ಕಲ್ನಾರು ಮತ್ತು ಕ್ಯಾನ್ಸರ್: ಕೊಚ್ಚಿ, ತಿರುವನಂತಪುರ ನಗರಗಳ ಹಿನ್ನೆಲೆಯಲ್ಲಿ

ಕಲ್ನಾರು ಅಥವಾ ಆಸ್ಬೆಸ್ಟಾಸ್ ಒಂದೇ ಖನಿಜದ ಹೆಸರಲ್ಲ. ಬಂಡೆಯ ಬಿರುಕುಗಳಲ್ಲಿ ನಾರಿನ ರೂಪದಲ್ಲಿ ಹರಳುಗಟ್ಟುವ ಆರು ಸಿಲಿಕೇಟ್ ಖನಿಜಗಳಿಗೆ ವ್ಯಾಪಾರದಲ್ಲಿಯೂ ಕಾನೂನಿನಲ್ಲಿಯೂ ಒಟ್ಟಾಗಿ ಸಲ್ಲುವ ಹೆಸರು. ಇವುಗಳಲ್ಲಿ ಕ್ರೈಸೊಟೈಲ್ ಅಥವಾ ಬಿಳಿ ಕಲ್ನಾರು ಸರ್ಪೆಂಟೈನ್ ಗುಂಪಿಗೆ ಸೇರಿದ್ದು, ಅದರ ಎಳೆಗಳು ಮೃದುವಾಗಿದ್ದು ಬಾಗುತ್ತವೆ; ಕ್ರೊಸಿಡೊಲೈಟ್ ಅಥವಾ ನೀಲಿ ಕಲ್ನಾರು, ಅಮೊಸೈಟ್ ಅಥವಾ ಕಂದು ಕಲ್ನಾರು, ಆಂಥೊಫಿಲೈಟ್, ಟ್ರೆಮೊಲೈಟ್ ಮತ್ತು ಆಕ್ಟಿನೊಲೈಟ್‌ಗಳು ಆಂಫಿಬೋಲ್ ಗುಂಪಿನವಾಗಿದ್ದು, ಅವುಗಳ ಎಳೆಗಳು ನೇರವಾಗಿಯೂ ಗಡುಸಾಗಿಯೂ ಇರುತ್ತವೆ. ಬೆಂಕಿಗೆ ಉರಿಯದಿರುವುದು, ವಿದ್ಯುತ್ತನ್ನೂ ಶಾಖವನ್ನೂ ಹರಿಯಗೊಡದಿರುವುದು, ಜಗ್ಗಿದರೂ ಸುಲಭವಾಗಿ ತುಂಡಾಗದಿರುವುದು, ನೂಲಿ ನೇಯಲು ಒದಗುವುದು ಇವೆಲ್ಲ ಒಂದೆಡೆ ಕೂಡಿದ್ದರಿಂದ ಇಪ್ಪತ್ತನೆಯ ಶತಮಾನದ ಕೈಗಾರಿಕೆ ಈ ಖನಿಜವನ್ನು ಹಬೆಯ ಕೊಳವೆಯ ಹೊದಿಕೆಯಿಂದ ವಾಹನದ ಬ್ರೇಕಿನವರೆಗೆ, ಹಡಗಿನ ಎಂಜಿನ್ ಕೋಣೆಯಿಂದ ಬಡವರ ಮನೆಯ ಸೂರಿನವರೆಗೆ ಎಲ್ಲೆಡೆ ಬಳಸಿತು. ಆದರೆ ಇದೇ ನಾರಿಗೆ ಉದ್ದುದ್ದಕ್ಕೆ ಸೀಳುತ್ತಾ ಇನ್ನಷ್ಟು ತೆಳುವಾಗುತ್ತಾ ಹೋಗುವ ಗುಣವೂ ಇದೆ. ಗಾಳಿಯಲ್ಲಿ ಕಲ್ನಾರನ್ನು ಅಳೆಯುವವರು 5 ಮೈಕ್ರೊಮೀಟರಿಗಿಂತ ಉದ್ದವಾದ, 3 ಮೈಕ್ರೊಮೀಟರಿಗಿಂತ ಸಣ್ಣ ಅಡ್ಡಳತೆಯ, ಅಗಲಕ್ಕಿಂತ ಕನಿಷ್ಠ ಮೂರು ಪಟ್ಟು ಉದ್ದವಿರುವ ಎಳೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇಂತಹ ಎಳೆ ಕಣ್ಣಿಗೆ ಕಾಣದು, ಮೂಗಿಗೆ ವಾಸನೆ ಬಾರದು, ಗಂಟಲಲ್ಲಿ ಕೆರೆತವನ್ನೂ ಉಂಟುಮಾಡದು.

ಭಾರತದಲ್ಲಿ ಕಲ್ನಾರಿನ ನಿಕ್ಷೇಪಗಳು ರಾಜಸ್ಥಾನದಲ್ಲಿ ಹೆಚ್ಚಾಗಿಯೂ ಅದರ ನಂತರ ಕರ್ನಾಟಕದಲ್ಲಿಯೂ ಇವೆ. ಆಂಧ್ರಪ್ರದೇಶದ ಕಡಪ ಸೀಮೆಯ ಪುಲಿವೆಂದುಲದಲ್ಲಿ ಕ್ರೈಸೊಟೈಲ್ ತೆಗೆಯಲಾಗುತ್ತಿತ್ತು. ಕೇಂದ್ರ ಸರ್ಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನೂ 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ಗಣಿ ನಿಂತರೂ ಬಳಕೆ ನಿಲ್ಲಲಿಲ್ಲ: ರಷ್ಯಾ, ಬ್ರೆಜಿಲ್, ಕಝಾಕಸ್ತಾನಗಳಿಂದ ಆಮದಾಗುವ ಬಿಳಿ ಕಲ್ನಾರು ವರ್ಷಕ್ಕೆ 3 ಲಕ್ಷ ಟನ್ನನ್ನು ಮೀರಿದ ವರ್ಷಗಳಿವೆ, ಮತ್ತು ಅದರ ಬಹುಪಾಲು ಚಾವಣಿಯ ಷೀಟುಗಳಿಗೆ ಹೋಗುತ್ತದೆ. ನೆಲದಿಂದ ಅಗೆಯುವುದು ಅಪಾಯವೆಂದು ಒಪ್ಪಿಕೊಂಡ ದೇಶ, ಅದೇ ವಸ್ತುವನ್ನು ಹಡಗಿನಲ್ಲಿ ತರಿಸಿ ಮನೆಯ ಮೇಲೆ ಹೊದಿಸಲು ಅಡ್ಡಿಯಿಲ್ಲವೆಂದು ಹೇಳುತ್ತಿರುವುದಕ್ಕೆ ವೈದ್ಯಕೀಯ ಸಮರ್ಥನೆ ಯಾವುದೂ ಇಲ್ಲ.

ಷೀಟು ಸೂರಿಗೆ ಬಂದ ಬಗೆ

ಕೇರಳದ ಕರಾವಳಿಯ ಸಾಮಾನ್ಯ ಮನೆಗಳ ಸೂರು ಹಿಂದೆ ತೆಂಗಿನ ಗರಿಯದ್ದು, ಸ್ವಲ್ಪ ಅನುಕೂಲವಿದ್ದವರದ್ದು ಹಂಚಿನದ್ದು. ಆ ಹಂಚಿನ ಚರಿತ್ರೆ ಕನ್ನಡ ಕರಾವಳಿಯೊಂದಿಗೆ ಹೆಣೆದುಕೊಂಡಿದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿನ ಮಾದರಿ ಮಲಬಾರಿಗೂ ದಕ್ಷಿಣಕ್ಕೂ ಹರಡಿ, ಕೋಝಿಕ್ಕೋಡು, ತ್ರಿಶೂರು, ಕೊಲ್ಲಂ ಭಾಗಗಳಲ್ಲಿ ಹಂಚಿನ ಉದ್ಯಮ ಬೆಳೆಯಿತು. ಹಂಚಿಗೆ ಒತ್ತೊತ್ತಾಗಿ ಪಕಾಸಿ, ರೀಪುಗಳನ್ನು ಹೊಡೆಯಬೇಕು, ಮಳೆಗಾಲಕ್ಕೆ ಮುನ್ನ ಕೈಯಾಡಿಸಬೇಕು, ಒಡೆದವನ್ನು ಬದಲಿಸಬೇಕು. ಮರದ ಬೆಲೆ ಏರಿದ ದಶಕಗಳಲ್ಲಿ ಕಲ್ನಾರು ಸಿಮೆಂಟಿನ ಸುಕ್ಕುಷೀಟು ಇದಕ್ಕೆಲ್ಲ ಉತ್ತರವಾಗಿ ಬಂದಿತು: ನಾಲ್ಕಾರು ಅಡ್ಡತೊಲೆಗಳ ಮೇಲೆ ಒಂದು ದಿನದಲ್ಲಿ ಮನೆ ಮುಚ್ಚಬಹುದು, ಉಪ್ಪುಗಾಳಿಗೆ ಅದು ತಗಡಿನಂತೆ ತುಕ್ಕು ಹಿಡಿಯದು. ಕೊಚ್ಚಿಯ ಗೋದಾಮುಗಳು, ತಿರುವನಂತಪುರದ ಕಡಲಂಚಿನ ಮೀನುಗಾರರ ಮನೆಗಳು, ಕಾರ್ಖಾನೆಯ ಷೆಡ್ಡುಗಳು, ಮಾರುಕಟ್ಟೆಗಳು, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ತರಗತಿಗಳು ಹೀಗೆ ಷೀಟಿನ ಕೆಳಗೆ ಬಂದವು.

ಷೀಟು ತಯಾರಿಕೆಯ ಮೂಲವಿಧಾನ ಆಸ್ಟ್ರಿಯದ ಲುಡ್ವಿಗ್ ಹಾಟ್‌ಷೆಕ್ ಎಂಬಾತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ್ದು. ನೀರಿನಲ್ಲಿ ಕಲಸಿದ ಸಿಮೆಂಟು ಮತ್ತು ಕಲ್ನಾರಿನ ತಿಳಿಗಂಜಿಯನ್ನು ಜಾಲರಿಯ ಉರುಳೆಯ ಮೇಲೆ ತೆಳುಪದರಗಳಾಗಿ ಹಿಡಿದು, ಪದರದ ಮೇಲೆ ಪದರ ಕೂಡಿಸಿ, ಹಸಿಯಿರುವಾಗಲೇ ಅಚ್ಚಿನಲ್ಲಿ ಸುಕ್ಕುಗೊಳಿಸಿ ಒಣಗಿಸುವುದು ಇದರ ಕ್ರಮ. ಷೀಟಿನ ತೂಕದಲ್ಲಿ ನಾರಿನ ಪಾಲು ಸಾಮಾನ್ಯವಾಗಿ ಶೇಕಡ 8ರಿಂದ 10ರಷ್ಟಿರುತ್ತದೆ, ಉಳಿದದ್ದು ಸಿಮೆಂಟು, ಹಾರುಬೂದಿ ಇತ್ಯಾದಿ. ನಾರು ಸಿಮೆಂಟಿನೊಳಗೆ ಬಿಗಿಯಾಗಿ ಹಿಡಿದಿರುವುದರಿಂದ ಬಿರುಕಿಲ್ಲದ, ಯಾರೂ ಮುಟ್ಟದ ಷೀಟಿನಿಂದ ಗಾಳಿಗೆ ಬೀಳುವ ಎಳೆಗಳು ಕಡಿಮೆ ಎಂಬುದು ನಿಜ. ಉದ್ಯಮ ತನ್ನ ಪರವಾಗಿ ಮುಂದಿಡುವ ಮುಖ್ಯ ವಾದವೂ ಇದೇ. ಈ ವಾದ ಷೀಟಿನ ಆಯುಸ್ಸಿನ ಒಂದು ಹಂತವನ್ನು ಮಾತ್ರ ನೋಡುತ್ತದೆ. ಯಾವ ಷೀಟೂ ಮುಟ್ಟದಂತೆ ಸೂರಿಗೇರುವುದಿಲ್ಲ, ಮುಟ್ಟದಂತೆ ಇಳಿಯುವುದೂ ಇಲ್ಲ.

ಷೀಟು ಹೊದಿಸುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎರಡು ಉದ್ದದ ಷೀಟುಗಳು ಮೂಲೆಯಲ್ಲಿ ಒಂದರ ಮೇಲೊಂದು ಕೂರಬೇಕಾದರೆ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಜೆ ಬೋಲ್ಟು ತೂರಿಸಲು ಪ್ರತಿ ಅಡ್ಡತೊಲೆಯ ನೇರಕ್ಕೆ ಸುಕ್ಕಿನ ಏಣಿನಲ್ಲಿ ತೂತು ಕೊರೆಯಬೇಕು. ಹಿಂದೆ ಈ ಕೆಲಸ ಕೈಗರಗಸದಿಂದಲೂ ಕೈ ಡ್ರಿಲ್ಲಿನಿಂದಲೂ ನಡೆಯುತ್ತಿತ್ತು. ಈಗ ಕಲ್ಲು ಕೊಯ್ಯುವ ಚಕ್ರ ಹಾಕಿದ ಗ್ರೈಂಡರನ್ನು ಒಣ ಷೀಟಿನ ಮೇಲೆ ಹಾಯಿಸಲಾಗುತ್ತದೆ. ಚಕ್ರ ಸುತ್ತಿದಂತೆ ಏಳುವ ಬೂದುಬಣ್ಣದ ಹೊಗೆಯಂತಹ ಧೂಳು ಕೆಲಸಗಾರನ ಹುಬ್ಬು, ಮೂಗಿನ ಹೊಳ್ಳೆ, ಬನಿಯನ್ನಿನ ಮಡಿಕೆಗಳಲ್ಲಿ ಕೂರುತ್ತದೆ. ಮುಖಕ್ಕೆ ಸುತ್ತಿದ ತೋರ್ತು ಎಂಬ ತೆಳು ಟವಲು ದಪ್ಪ ಧೂಳನ್ನು ತಡೆಯಬಹುದೇ ಹೊರತು ಮೈಕ್ರೊಮೀಟರ್ ಅಳತೆಯ ಎಳೆಯನ್ನು ತಡೆಯಲಾರದು. ಸಂಜೆ ಅದೇ ಬಟ್ಟೆಯನ್ನು ಕೊಡವಿ ನೀರಿಗೆ ಹಾಕುವ ಮನೆಯ ಹೆಂಗಸಿನ ಉಸಿರಿಗೂ ಆ ಧೂಳಿನ ಪಾಲು ಸೇರುತ್ತದೆ. ಕಾರ್ಖಾನೆಯೊಳಗೆ ಗಾಳಿಯ ಮಾದರಿ ತೆಗೆದು ಎಳೆಗಳನ್ನು ಎಣಿಸುವ ವ್ಯವಸ್ಥೆ ಹೆಸರಿಗಾದರೂ ಇದೆ; ಸೂರಿನ ಮೇಲೆ ಕುಳಿತು ಕೊಯ್ಯುವವನ ಬಳಿ ಅದನ್ನು ಎಣಿಸುವವರು ಯಾರೂ ಇಲ್ಲ. ಅಪಾಯದ ಅತಿ ಸಾಂದ್ರವಾದ ಗಳಿಗೆ ಇದೇ ಆಗಿರುವುದರಿಂದ, ನಗರಗಳ ಮಟ್ಟದಲ್ಲಿ ಕಲ್ನಾರಿನ ವಿಚಾರ ಮಾಡುವವರು ಮೊದಲು ನೋಡಬೇಕಾದದ್ದು ಚಾವಣಿಯ ಕೆಳಗೆ ಮಲಗುವವರನ್ನಲ್ಲ, ಅದನ್ನು ಕೊರೆಯುವ, ಕೊಯ್ಯುವ ಮತ್ತು ಕೆಡಹುವ ಕೈಗಳನ್ನು.

ಕೇರಳದ ಹವಾಮಾನ ಇದಕ್ಕೆ ತನ್ನದೊಂದು ಪಾಲನ್ನು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರಿನ ಮುಂಗಾರು, ಮತ್ತೆ ಅಕ್ಟೋಬರ್, ನವೆಂಬರಿನ ಹಿಂಗಾರು ಹೀಗೆ ವರ್ಷದ ಅರ್ಧದಷ್ಟು ಕಾಲ ನೆನೆಯುವ ಷೀಟಿನ ಮೇಲ್ಮೈಯಿಂದ ಸುಣ್ಣದ ಅಂಶ ಕರಗಿ ಹೋಗಿ, ಪಾಚಿಯೂ ಕಲ್ಲುಹೂವೂ ಬೇರೂರಿ, ನಾರಿನ ತುದಿಗಳು ಬಯಲಾಗುತ್ತವೆ. ಬೇಸಿಗೆಯಲ್ಲಿ ಮನೆಯವರೇ ಏಣಿ ಹತ್ತಿ ಆ ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆದು ಸುಣ್ಣವನ್ನೋ ಬಿಳಿ ಬಣ್ಣವನ್ನೋ ಬಳಿಯುವುದು, ಇಲ್ಲವೇ ಒತ್ತಡದ ನೀರು ಹಾಯಿಸುವುದು ರೂಢಿ. ಮೇಲ್ಮೈಯಲ್ಲಿ ಸಡಿಲಗೊಂಡ ನಾರನ್ನು ಕಿತ್ತು ಅಂಗಳಕ್ಕೂ ಚರಂಡಿಗೂ ಹರಡಲು ಇದಕ್ಕಿಂತ ನೇರವಾದ ದಾರಿಯಿಲ್ಲ. 2017ರ ನವೆಂಬರ್ ಕೊನೆಯಲ್ಲಿ ತಿರುವನಂತಪುರ ಕರಾವಳಿಯನ್ನು ಹೊಡೆದ ಓಖಿ ಚಂಡಮಾರುತ, 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಆಲುವ, ಪರವೂರು ಪ್ರದೇಶಗಳನ್ನು ಮುಳುಗಿಸಿದ ಪ್ರಳಯ ಮುಂತಾದ ವಿಪತ್ತುಗಳಲ್ಲಿ ಷೀಟಿನ ಸೂರುಗಳು ಚೂರಾಗಿ ಕಟ್ಟಡದ ಇತರ ಅವಶೇಷಗಳೊಂದಿಗೆ ಬೆರೆಯುತ್ತವೆ, ಮತ್ತು ಅವುಗಳನ್ನು ಬಾಚುವ ಸ್ವಯಂಸೇವಕನಿಗೆ ಯಾವ ಚೂರು ಏನೆಂದು ತಿಳಿಯುವುದಿಲ್ಲ.

ಬಂದರು ಮತ್ತು ಕಾರ್ಖಾನೆ

ಕೊಚ್ಚಿ ಬಂದರು ನಗರ, ನೌಕಾಪಡೆಯ ದಕ್ಷಿಣ ಕಮಾಂಡಿನ ಕೇಂದ್ರ, 1972ರಲ್ಲಿ ಸ್ಥಾಪನೆಯಾದ ಕೊಚ್ಚಿನ್ ಶಿಪ್‌ಯಾರ್ಡಿನ ನೆಲೆ. ಜಗತ್ತಿನಾದ್ಯಂತ ಇಪ್ಪತ್ತನೆಯ ಶತಮಾನದ ಹಡಗುಗಳಲ್ಲಿ ಬಾಯ್ಲರ್, ಹಬೆ ಕೊಳವೆ, ಕ್ಯಾಬಿನ್ನಿನ ಅಡ್ಡಗೋಡೆ, ಗ್ಯಾಸ್ಕೆಟ್ ಮುಂತಾದೆಡೆ ಕಲ್ನಾರು ಹೇರಳವಾಗಿತ್ತು. ಅಂತಹ ಹಡಗನ್ನು ಕಟ್ಟುವಾಗಿನದಕ್ಕಿಂತ ಹೆಚ್ಚಾಗಿ ದುರಸ್ತಿಗೆಂದು ಇಕ್ಕಟ್ಟಾದ ಎಂಜಿನ್ ಕೋಣೆಯಲ್ಲಿ ಹಳೆಯ ಹೊದಿಕೆಯನ್ನು ಕೀಳುವಾಗ ಧೂಳು ದಟ್ಟವಾಗುತ್ತದೆ. ಬ್ರಿಟನ್, ಅಮೆರಿಕ, ಇಟಲಿಗಳಲ್ಲಿ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಹಡಗುಕಟ್ಟೆಗಳಿರುವ ಊರುಗಳಲ್ಲಿ ಒತ್ತಾಗಿ ಕಾಣಿಸಿಕೊಂಡದ್ದು ಈ ಕಾರಣಕ್ಕೆ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ 2002ರ ಜುಲೈನಿಂದ ಹಡಗುಗಳಲ್ಲಿ ಹೊಸದಾಗಿ ಕಲ್ನಾರು ಅಳವಡಿಸುವುದನ್ನು ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿ, 2011ರ ಜನವರಿಯಿಂದ ಆ ವಿನಾಯಿತಿಗಳನ್ನೂ ತೆಗೆಯಲಾಯಿತು. ಅದಕ್ಕೆ ಮುಂಚಿನ ಹಡಗುಗಳು ಇನ್ನೂ ನೀರಿನ ಮೇಲಿವೆ. ದೊಡ್ಡ ರಾಸಾಯನಿಕ ಸ್ಥಾವರಗಳ ಸಂಗತಿಯೂ ಭಿನ್ನವಲ್ಲ. 1947ರಲ್ಲಿ ಉತ್ಪಾದನೆ ಆರಂಭಿಸಿದ ಉದ್ಯೋಗಮಂಡಲದ ರಸಗೊಬ್ಬರ ಕಾರ್ಖಾನೆ, 1966ರಲ್ಲಿ ಆರಂಭವಾದ ಅಂಬಲಮುಗಳಿನ ತೈಲಾಗಾರ ಇವುಗಳ ಕಾಲದಲ್ಲಿ ಬಿಸಿ ಕೊಳವೆಗಳಿಗೆ ಕಲ್ನಾರಿನ ಹೊದಿಕೆ ಸುತ್ತುವುದು ಜಗತ್ತಿನ ಎಲ್ಲ ಕಡೆಯ ಪದ್ಧತಿಯಾಗಿತ್ತು. 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳ ನಿರ್ಮಾಣ ಕಾಮಗಾರಿಗಳಿಗೂ ತೈಲ ಸ್ಥಾವರಗಳಿಗೂ ಹೋಗಿ ಬಂದ ಕೇರಳದ ಕೆಲಸಗಾರರನ್ನು ಈ ಲೆಕ್ಕದಿಂದ ಹೊರಗಿಡಲಾಗದು. ಅವರು ಉಸಿರಾಡಿದ ಧೂಳು ಅಲ್ಲಿಯದಾದರೂ ಅದರ ರೋಗ ಕಾಣಿಸಿಕೊಳ್ಳುವುದು ಊರಿಗೆ ಮರಳಿದ ಮೇಲೆ.

ಕುಡಿಯುವ ನೀರಿನ ಹಳೆಯ ಕಲ್ನಾರು ಸಿಮೆಂಟ್ ಕೊಳವೆಗಳು ಎರಡೂ ನಗರಗಳ ಜಾಲದಲ್ಲಿ ಬಹುಕಾಲ ಇದ್ದವು, ಒಡೆದಂತೆಲ್ಲ ಅವುಗಳನ್ನು ಬದಲಿಸಲಾಗುತ್ತಿದೆ. ನೀರಿನೊಂದಿಗೆ ನುಂಗಿದ ಎಳೆಗಳಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಸ್ಥಿರವಾದ ಪುರಾವೆ ದೊರೆತಿಲ್ಲ. ಇಲ್ಲಿಯೂ ಅಪಾಯ ಇರುವುದು ಗುಂಡಿಗಿಳಿದು ಕೊಳವೆಯನ್ನು ಒಣಗಿರುವಾಗಲೇ ಕೊಯ್ಯುವವನಿಗೆ.

ದೇಹದೊಳಗೆ

ಉಸಿರಿನೊಂದಿಗೆ ಒಳಹೋದ ದಪ್ಪ ಕಣಗಳು ಮೂಗಿನಲ್ಲಿಯೂ ಶ್ವಾಸನಾಳದ ಲೋಳೆಯಲ್ಲಿಯೂ ಸಿಕ್ಕಿ ಹೊರಬರುತ್ತವೆ. ತೆಳುವಾದ ಎಳೆಗಳು ಗಾಳಿಯ ಹರಿವಿಗೆ ಸಮಾನಾಂತರವಾಗಿ ತೇಲುತ್ತಾ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ತಲಪುತ್ತವೆ. ಅಲ್ಲಿ ಹೊರವಸ್ತುವನ್ನು ನುಂಗಿ ಕರಗಿಸುವ ಭಕ್ಷಕಕೋಶಗಳು ಎಳೆಯನ್ನು ಹಿಡಿಯುತ್ತವೆ, ಆದರೆ ತಮ್ಮ ಅಗಲವನ್ನು ಮೀರಿದ ಉದ್ದದ ಎಳೆಯನ್ನು ಅವು ಪೂರ್ತಿ ಒಳಗೆಳೆದುಕೊಳ್ಳಲಾರವು. ಅರ್ಧ ನುಂಗಿದ ಸ್ಥಿತಿಯಲ್ಲಿ ಆ ಕೋಶಗಳು ಸಾಯುತ್ತಾ ಉರಿಯೂತಕಾರಕ ರಾಸಾಯನಿಕಗಳನ್ನೂ ತೀಕ್ಷ್ಣ ಆಮ್ಲಜನಕ ಸಂಯುಕ್ತಗಳನ್ನೂ ಸುತ್ತಲಿನ ಅಂಗಾಂಶಕ್ಕೆ ಚೆಲ್ಲುತ್ತವೆ. ಎಳೆ ಕರಗದು, ಆದ್ದರಿಂದ ಈ ಕ್ರಿಯೆ ವರ್ಷಗಟ್ಟಲೆ ನಡೆಯುತ್ತದೆ. ಕೆಲವು ಎಳೆಗಳ ಸುತ್ತ ಕಬ್ಬಿಣಯುಕ್ತ ಪ್ರೋಟೀನು ಮೆತ್ತಿಕೊಂಡು ಸೂಕ್ಷ್ಮದರ್ಶಕದಲ್ಲಿ ಹಳದಿಮಿಶ್ರಿತ ಕಂದು ಬಣ್ಣದ ಗಂಟುಗಂಟಾದ ಕಡ್ಡಿಗಳಾಗಿ ಕಾಣುತ್ತವೆ. ಇವೇ ಕಲ್ನಾರು ಕಾಯಗಳು, ಹಿಂದಿನ ಸಂಪರ್ಕಕ್ಕೆ ದೇಹ ಉಳಿಸಿಕೊಂಡ ಸಾಕ್ಷಿ. ಇನ್ನು ಕೆಲವು ಎಳೆಗಳು ಶ್ವಾಸಕೋಶವನ್ನೂ ಎದೆಗೂಡಿನ ಒಳಗೋಡೆಯನ್ನೂ ಹೊದ್ದಿರುವ, ವೈದ್ಯರು ಪ್ಲೂರಾ ಎಂದು ಕರೆಯುವ ಶ್ವಾಸಕೋಶಾವರಣದವರೆಗೆ ಸರಿದು, ಅದರ ದ್ರವ ಬಸಿಯುವ ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಇದರಿಂದ ಹುಟ್ಟುವ ಕಾಯಿಲೆಗಳನ್ನು ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಆಸ್ಬೆಸ್ಟೋಸಿಸ್ ಎಂಬುದು ಕ್ಯಾನ್ಸರ್ ಅಲ್ಲ. ಹೆಚ್ಚು ಧೂಳಿನಲ್ಲಿ ಬಹುಕಾಲ ದುಡಿದವರ ಶ್ವಾಸಕೋಶದ ಕೆಳಭಾಗದಲ್ಲಿ ಗಾಯದ ಕಲೆಯಂತಹ ನಾರಂಗಾಂಶ ಬೆಳೆದು, ಶ್ವಾಸಕೋಶ ಬಿರುಸಾಗಿ, ಮೆಟ್ಟಿಲು ಹತ್ತುವಾಗಿನ ಏದುಸಿರಿನಿಂದ ಆರಂಭವಾಗಿ ಮುಂದುವರಿಯುವ ಕಾಯಿಲೆ ಅದು. ಆವರಣದ ಮೇಲೆ ಕಾಣುವ ಬಿಳಿ ಗಡುಸು ತೇಪೆಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಅವು ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ; ಆದರೆ ಎಕ್ಸ್‌ರೇಯಲ್ಲಿ ಅವು ಕಂಡರೆ ಕಲ್ನಾರಿನ ಸಂಪರ್ಕವಾಗಿತ್ತೆಂದು ಶಂಕಿಸಬಹುದು. ಶ್ವಾಸಕೋಶದ ಕ್ಯಾನ್ಸರಿಗೂ ಕಲ್ನಾರಿಗೂ ಇರುವ ನಂಟನ್ನು 1955ರಲ್ಲಿ ರಿಚರ್ಡ್ ಡಾಲ್ ಇಂಗ್ಲೆಂಡಿನ ಕಲ್ನಾರು ಕಾರ್ಮಿಕರ ಅಧ್ಯಯನದಿಂದ ಸ್ಥಾಪಿಸಿದ. ಹೊಗೆಸೊಪ್ಪಿನೊಂದಿಗೆ ಈ ಅಪಾಯ ಬಹುಪಾಲು ಗುಣಾಕಾರದಲ್ಲಿ ಏರುತ್ತದೆ: ಅಮೆರಿಕದ ಹೊದಿಕೆ ಕೆಲಸಗಾರರ ಬಗ್ಗೆ ಹ್ಯಾಮಂಡ್, ಸೆಲಿಕಾಫ್ ಮತ್ತು ಸೈಡ್‌ಮನ್ 1979ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎರಡೂ ಇಲ್ಲದವರಿಗೆ ಹೋಲಿಸಿದರೆ ಕಲ್ನಾರು ಮಾತ್ರ ಇದ್ದವರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು ಸುಮಾರು 5 ಪಟ್ಟು, ಧೂಮಪಾನ ಮಾತ್ರ ಇದ್ದವರಲ್ಲಿ ಸುಮಾರು 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಮಿಕ್ಕಿತ್ತು. ಆದ್ದರಿಂದ ಷೀಟಿನ ಕೆಲಸ ಮಾಡಿದ ಬೀಡಿ ಸೇದುವವನಿಗೆ ಬೀಡಿ ಬಿಡಿಸುವುದು ವೈದ್ಯನ ಕೈಯಲ್ಲಿರುವ ಅತಿ ಫಲಕಾರಿ ಉಪಾಯ. ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರ್‌ಗಳಿಗೂ ಕಲ್ನಾರು ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ. ಬಿಳಿಯದೂ ಸೇರಿದಂತೆ ಕಲ್ನಾರಿನ ಎಲ್ಲ ಆರು ಬಗೆಗಳನ್ನೂ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವವೆಂದು ಖಚಿತವಾಗಿರುವ ಮೊದಲ ವರ್ಗದಲ್ಲಿ ಇರಿಸಿದೆ.

ಕಲ್ನಾರಿನೊಂದಿಗೇ ಹೆಸರು ಬೆಸೆದುಕೊಂಡಿರುವ ಕ್ಯಾನ್ಸರ್ ಮೀಸೋಥೀಲಿಯೋಮ. ಇದು ಶ್ವಾಸಕೋಶದ್ದಲ್ಲ, ಅದನ್ನು ಸುತ್ತಿರುವ ಪೊರೆಯದ್ದು. ಕಡಿಮೆ ಪ್ರಮಾಣದಲ್ಲಿ ಹೊಟ್ಟೆಯ ಒಳಪೊರೆಯಲ್ಲಿಯೂ ಇದು ಹುಟ್ಟುತ್ತದೆ. 1960ರಲ್ಲಿ ದಕ್ಷಿಣ ಆಫ್ರಿಕದ ಜೆ. ಸಿ. ವ್ಯಾಗ್ನರ್ ಮತ್ತು ಸಹೋದ್ಯೋಗಿಗಳು ನೀಲಿ ಕಲ್ನಾರಿನ ಗಣಿಗಳಿದ್ದ ಕೇಪ್ ಪ್ರಾಂತದ ವಾಯವ್ಯ ಭಾಗದಿಂದ ಇಂತಹ 33 ರೋಗಿಗಳನ್ನು ವರದಿ ಮಾಡಿದಾಗ, ಅವರಲ್ಲಿ ಗಣಿ ಕೆಲಸಕ್ಕೆ ಎಂದೂ ಹೋಗದೆ ಬಾಲ್ಯದಲ್ಲಿ ಗಣಿಯ ಹತ್ತಿರ ಬೆಳೆದವರೂ ಇದ್ದರು. 1965ರಲ್ಲಿ ಲಂಡನ್ನಿನ ನ್ಯೂಹೌಸ್ ಮತ್ತು ಥಾಂಪ್ಸನ್, ಕಾರ್ಮಿಕರ ಮನೆಯವರಲ್ಲಿಯೂ ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರಲ್ಲಿಯೂ ಈ ಕಾಯಿಲೆಯನ್ನು ಗುರುತಿಸಿದರು. ಜಪಾನಿನ ಅಮಗಸಾಕಿಯಲ್ಲಿ ಹಳೆಯ ಕಲ್ನಾರು ಕೊಳವೆ ಕಾರ್ಖಾನೆಯೊಂದರ ನೆರೆಹೊರೆಯವರ ಕಾಯಿಲೆ 2005ರಲ್ಲಿ ಬೆಳಕಿಗೆ ಬಂದು ಆ ದೇಶ ನಿಷೇಧದತ್ತ ತಿರುಗಿತು. ಅಪಾಯವಿಲ್ಲದ ಕನಿಷ್ಠ ಮಿತಿ ಎಂಬುದನ್ನು ಇದುವರೆಗೆ ಯಾರೂ ತೋರಿಸಿಲ್ಲ. ಬಿಳಿಗಿಂತ ನೀಲಿ, ಕಂದು ಬಗೆಗಳು ಈ ಕ್ಯಾನ್ಸರನ್ನು ಬಹಳ ಹೆಚ್ಚಾಗಿ ತರುತ್ತವೆಂಬುದು ಸರಿ, ಆದರೆ ಹೆಚ್ಚು ಅಪಾಯಕಾರಿ ವಸ್ತುವೊಂದಿದೆ ಎಂಬ ಮಾತ್ರಕ್ಕೆ ಇನ್ನೊಂದು ಸುರಕ್ಷಿತವಾಗುವುದಿಲ್ಲ.

ಕಾಲದ ಲೆಕ್ಕವೇ ಈ ಕಾಯಿಲೆಯನ್ನು ಅರಿಯುವುದಕ್ಕೆ ಮುಖ್ಯ ಕೀಲಿ. ಮೊದಲ ಎಳೆ ಒಳಹೊಕ್ಕಂದಿನಿಂದ ಗಡ್ಡೆ ಕಾಣಿಸಿಕೊಳ್ಳುವವರೆಗೆ ಸಾಮಾನ್ಯವಾಗಿ 20ರಿಂದ 50 ವರ್ಷ ಕಳೆಯುತ್ತವೆ, ಮತ್ತು ಅಪಾಯ ಮೊದಲ ಸಂಪರ್ಕದಿಂದ ಕಳೆದ ವರ್ಷಗಳ ಮೂರನೆಯ ಅಥವಾ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ಕಾರ್ಮಿಕ ಸಮೂಹಗಳ ಅಧ್ಯಯನಗಳು ಸೂಚಿಸಿವೆ. ಐವತ್ತರ ವಯಸ್ಸಿನಲ್ಲಿ ಉಸಿರಾಡಿದ ಧೂಳಿಗಿಂತ ಎಂಟರ ವಯಸ್ಸಿನಲ್ಲಿ ಉಸಿರಾಡಿದ ಅಷ್ಟೇ ಧೂಳು ಹೆಚ್ಚು ಹಾನಿಕರ, ಏಕೆಂದರೆ ಆ ಮಗುವಿನ ಮುಂದೆ ಆರೇಳು ದಶಕಗಳ ಆಯುಸ್ಸಿದೆ.

ಶಾಲೆಗಳ ಪ್ರಶ್ನೆ

ತಿರುವನಂತಪುರದಲ್ಲಿ ಕೇಂದ್ರ ಕಚೇರಿಯುಳ್ಳ ಕೇರಳ ರಾಜ್ಯ ಮಾನವ ಹಕ್ಕುಗಳ ಆಯೋಗ 2009ರ ಜನವರಿ 31ರಂದು ನೀಡಿದ ಶಿಫಾರಸಿನ ಮಹತ್ವ ಈ ಲೆಕ್ಕದ ಬೆಳಕಿನಲ್ಲಿ ಸ್ಪಷ್ಟವಾಗುತ್ತದೆ. ಸರ್ಕಾರದ ಅಧೀನದ ಎಲ್ಲ ಶಾಲೆಗಳ ಕಲ್ನಾರು ಚಾವಣಿಯನ್ನು ಹಂತಹಂತವಾಗಿ ತೆಗೆದು ನಾಡಹಂಚು ಹೊದಿಸಬೇಕು, ಖಾಸಗಿ ಆಡಳಿತದ ಶಾಲೆಗಳಿಗೂ ಗಡುವು ಗೊತ್ತುಮಾಡಿ ಹಾಗೆಯೇ ಮಾಡಿಸಬೇಕು, ಮುಂದೆ ಕಲ್ನಾರು ಚಾವಣಿಯ ಕೆಳಗೆ ಹೊಸ ಶಾಲೆ ತೆರೆಯಲು ಅನುಮತಿಸಬಾರದು ಎಂಬುದು ಅದರ ಸಾರ. ಬಿರುಕಿಲ್ಲದ ಷೀಟಿನ ಕೆಳಗೆ ಕುಳಿತ ಮಗುವಿನ ಅಪಾಯ ಷೀಟು ಕೊಯ್ಯುವವನ ಅಪಾಯಕ್ಕಿಂತ ಬಹಳ ಕಡಿಮೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ತಾಯ್ತಂದೆಯರು ಗಾಬರಿಗೊಳ್ಳುವುದರಿಂದ ಪ್ರಯೋಜನವೂ ಇಲ್ಲ. ಆದರೆ ಚೆಂಡು ಬಿದ್ದು ಒಡೆಯುವ, ತೆಂಗಿನಕಾಯಿ ಬಿದ್ದು ತೂತಾಗುವ, ಫ್ಯಾನಿನ ಕೊಕ್ಕೆಗಾಗಿ ಮತ್ತೆ ಮತ್ತೆ ಕೊರೆಯಲ್ಪಡುವ ಶಾಲೆಯ ಸೂರು ಮೂವತ್ತು ವರ್ಷ ಬಿರುಕಿಲ್ಲದೆ ಉಳಿಯುತ್ತದೆಂದು ನಂಬುವುದು ಕಷ್ಟ. ಷೀಟಿನ ಕೆಳಗಿನ ಮಧ್ಯಾಹ್ನದ ಸೆಕೆಯೂ ಹಂಚಿನ ಪರವಾಗಿ ಸಾಕಷ್ಟು ಹೇಳುತ್ತದೆ. ಆಯೋಗದ ಶಿಫಾರಸಿನಲ್ಲಿ ಒಂದು ಕೊರತೆಯನ್ನು ಗುರುತಿಸಬೇಕು: ಹಳೆಯ ಷೀಟನ್ನು ಯಾರು, ಯಾವಾಗ, ಹೇಗೆ ಇಳಿಸಬೇಕೆಂಬುದು ಅದರ ಮುಖ್ಯ ಅಂಶಗಳಲ್ಲಿಲ್ಲ. ರಜೆಯಿಲ್ಲದ ದಿನ ಮಕ್ಕಳ ನಡುವೆಯೇ ಒಡೆದು ಇಳಿಸಿದರೆ ಚಾವಣಿ ಬದಲಾವಣೆಯೇ ಅತಿ ದೊಡ್ಡ ಸಂಪರ್ಕವಾದೀತು.

ರೋಗನಿರ್ಣಯ ಮತ್ತು ಎಣಿಕೆ

ಮೀಸೋಥೀಲಿಯೋಮದ ರೋಗಿ ಆಸ್ಪತ್ರೆಗೆ ಬರುವುದು ಉಸಿರಾಟದ ಕಷ್ಟ, ಎದೆಯ ಒಂದು ಬದಿಯ ಮಂದ ನೋವು, ತೂಕ ಇಳಿಕೆಗಳಿಂದ. ಎಕ್ಸ್‌ರೇಯಲ್ಲಿ ಆ ಬದಿಯ ಆವರಣದಲ್ಲಿ ನೀರು ತುಂಬಿರುವುದು ಕಾಣುತ್ತದೆ. ಭಾರತದಲ್ಲಿ ಎದೆಯ ನೀರೆಂದರೆ ವೈದ್ಯನಿಗೆ ಮೊದಲು ನೆನಪಾಗುವುದು ಕ್ಷಯ, ಅದು ಸಹಜವೂ ಹೌದು, ಏಕೆಂದರೆ ಬಹುಪಾಲು ರೋಗಿಗಳಲ್ಲಿ ಕಾರಣ ಅದೇ. ನೀರು ತೆಗೆದು ಪರೀಕ್ಷಿಸಿದರೂ ಕ್ಯಾನ್ಸರ್ ಕೋಶಗಳು ಅನೇಕ ವೇಳೆ ಸಿಗುವುದಿಲ್ಲ. ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿ, ನೀರು ಮತ್ತೆ ಮತ್ತೆ ತುಂಬಿ, ಕೊನೆಗೆ ಎದೆಯೊಳಗೆ ದರ್ಶಕನಳಿಗೆ ಇಳಿಸಿ ಪೊರೆಯ ತುಣುಕು ತೆಗೆದಾಗ ನಿಜ ತಿಳಿಯುವುದು ಅಪರೂಪವಲ್ಲ. ತುಣುಕು ಸಿಕ್ಕ ಮೇಲೂ ಇದನ್ನು ಶ್ವಾಸಕೋಶದಿಂದ ಹರಡಿದ ಗ್ರಂಥಿಕ್ಯಾನ್ಸರಿನಿಂದ ಬೇರ್ಪಡಿಸಲು ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ-1 ಮುಂತಾದ ಪ್ರೋಟೀನುಗಳನ್ನು ಗುರುತಿಸುವ ವಿಶೇಷ ಬಣ್ಣಗಳು ಬೇಕು. ಚಿಕಿತ್ಸೆಯಲ್ಲಿ ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಜೋಡಿ 2004ರಿಂದಲೂ, ದೇಹದ ರೋಗನಿರೋಧಕ ಶಕ್ತಿಯ ತಡೆಯನ್ನು ಸಡಿಲಿಸುವ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿ 2020ರಿಂದಲೂ ಅಂಗೀಕೃತವಾಗಿವೆ. ಇವು ಆಯುಸ್ಸನ್ನು ತಿಂಗಳುಗಳಷ್ಟು ಹೆಚ್ಚಿಸುತ್ತವೆ, ಗುಣಪಡಿಸುವುದು ವಿರಳ. ಆವರಣದ ನೀರನ್ನು ನಿಯಂತ್ರಿಸುವುದು, ನೋವು ತಗ್ಗಿಸುವುದು ಬಹುಮಂದಿಗೆ ಚಿಕಿತ್ಸೆಯ ಹೆಚ್ಚಿನ ಭಾಗವಾಗಿರುತ್ತದೆ, ಮತ್ತು ಉಪಶಮನ ಆರೈಕೆಯಲ್ಲಿ ಕೇರಳ ದೇಶಕ್ಕೆ ಮಾದರಿಯಾದ ರಾಜ್ಯ.

ತಿರುವನಂತಪುರದಲ್ಲಿ 1981ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಸ್ಥಾಪನೆಯಾಗಿ, ಮರುವರ್ಷವೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ಅಲ್ಲಿ ಆಸ್ಪತ್ರೆ ಆಧಾರಿತ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಅದೇ ಯೋಜನೆಯಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿಯೂ ಸೇರಿತ್ತು. ಕೊಚ್ಚಿಯ ಬಳಿ ಕಳಮಶ್ಶೇರಿಯಲ್ಲಿ ಈಚೆಗೆ ಸರ್ಕಾರಿ ಕ್ಯಾನ್ಸರ್ ಸಂಶೋಧನಾ ಕೇಂದ್ರವೊಂದು ಬೆಳೆಯುತ್ತಿದೆ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯಲ್ಲಿ ಮೀಸೋಥೀಲಿಯೋಮಕ್ಕೆ ಸಿ-45 ಎಂಬ ಪ್ರತ್ಯೇಕ ಸಂಕೇತ ದೊರೆತ ಮೇಲೆ ಅದನ್ನು ಬೇರೆಯಾಗಿ ಎಣಿಸುವುದು ಸಾಧ್ಯವಾಯಿತು. ಭಾರತದ ನೋಂದಣಿಗಳಲ್ಲಿ ಈ ಸಂಕೇತದ ಕೆಳಗಿನ ಸಂಖ್ಯೆಗಳು ಚಿಕ್ಕವು. ಅದನ್ನು ತೋರಿಸಿ ಇಲ್ಲಿ ಸಮಸ್ಯೆಯೇ ಇಲ್ಲವೆಂದು ವಾದಿಸುವವರುಂಟು. ಕಾಯಿಲೆ ಸ್ವಭಾವತಃ ವಿರಳವೆಂಬುದು ಒಂದು ಕಾರಣ; ಆದರೆ ಪೊರೆಯ ತುಣುಕು ತೆಗೆಯುವ ಸೌಲಭ್ಯ ಕೆಲವೇ ಕಡೆ ಇರುವುದು, ಕ್ಷಯವೆಂದು ಮುಗಿದುಹೋದ ಕಡತಗಳು, ದೇಶದಲ್ಲಿ ಬಳಕೆ ಏರಿದ ದಶಕಗಳಿಗೂ ಕಾಯಿಲೆ ತೋರುವ ದಶಕಗಳಿಗೂ ನಡುವಿನ ದೀರ್ಘ ಅಂತರ ಇವೂ ಕಾರಣಗಳೇ. ನೋಂದಣಿ ಹಾಳೆಯಲ್ಲಿ ರೋಗಿಯ ಈಗಿನ ಉದ್ಯೋಗ ದಾಖಲಾದರೂ ಮೂವತ್ತು ವರ್ಷದ ಹಿಂದಿನದು ದಾಖಲಾಗುವುದು ಕಡಿಮೆ. ಪೆಟ್ಟಿಗೆ ಅಂಗಡಿ ಇಟ್ಟುಕೊಂಡ ಅರವತ್ತರ ವ್ಯಕ್ತಿ ಇಪ್ಪತ್ತರಲ್ಲಿ ಹಡಗಿನ ಬಾಯ್ಲರಿನ ಹೊದಿಕೆ ಕೀಳುತ್ತಿದ್ದನೇ ಎಂದು ಕೇಳಿದರಷ್ಟೇ ಉತ್ತರ ಬರುತ್ತದೆ. ರೋಗಿ ಹೆಂಗಸಾಗಿದ್ದರೆ ಆಕೆ ಯಾರ ಬಟ್ಟೆ ಒಗೆಯುತ್ತಿದ್ದಳೆಂದೂ ಕೇಳಬೇಕು.

ಕಾನೂನು

ಭಾರತದ ಕಾನೂನಿನಲ್ಲಿ ಮುಖ್ಯ ತೀರ್ಪು 1995ರ ಜನವರಿ 27ರದು. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕಾರ್ಮಿಕನ ಆರೋಗ್ಯ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಕಲ್ನಾರು ಉದ್ಯಮಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ, ಕಾಪಾಡಬೇಕೆಂದು ಆದೇಶಿಸಿತು. ಕಾಯಿಲೆ ದೃಢಪಟ್ಟ ಕಾರ್ಮಿಕನಿಗೆ 1 ಲಕ್ಷ ರೂಪಾಯಿ ಪರಿಹಾರವನ್ನೂ ಗೊತ್ತುಮಾಡಿತು. ಕಾಯಿಲೆಯ ನಿಧಾನಗತಿಯನ್ನು ಅರಿತು ಬರೆದ ತೀರ್ಪು ಇದು, ನಲವತ್ತು ವರ್ಷವೆಂಬ ಸಂಖ್ಯೆಯಲ್ಲಿಯೇ ಆ ಅರಿವು ಇದೆ. ಪೂರ್ಣ ನಿಷೇಧ ಕೋರಿದ ಮತ್ತೊಂದು ಅರ್ಜಿಯನ್ನು 2011ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು. ಆಸ್ಬೆಸ್ಟೋಸಿಸ್ 1948ರ ಕಾರ್ಖಾನೆ ಕಾಯಿದೆಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿದ್ದಾಗಿತ್ತು. ಈ ಎಲ್ಲ ರಕ್ಷಣೆಯೂ ಹಾಜರಿ ಪುಸ್ತಕವಿರುವ ಕಾರ್ಖಾನೆಯ ಸುತ್ತ ಕಟ್ಟಿದ್ದು. ಕೊಚ್ಚಿಯ ಹಳೆಯ ಗೋದಾಮು ಕೆಡಹುವ ಕೆಲಸಕ್ಕೆ ಬಂಗಾಳ, ಒಡಿಶಾ, ಅಸ್ಸಾಂಗಳಿಂದ ಬಂದು ದಿನಗೂಲಿಗೆ ನಿಂತ ಯುವಕನ ಹೆಸರು ಇಂತಹ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ನಲವತ್ತು ವರ್ಷದ ಬಳಿಕ ಅವನ ಊರಿನ ಆಸ್ಪತ್ರೆ ಕೊಚ್ಚಿಯ ಆ ವಾರದ ಕೆಲಸವನ್ನು ಹುಡುಕಿ ತೆಗೆಯುವ ದಾರಿಯೇ ಇಲ್ಲ.

ಐರೋಪ್ಯ ಒಕ್ಕೂಟ 2005ರಲ್ಲಿ, ಕೆನಡ 2018ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ನಿಷೇಧ ವಿಧಿಸಿದರೂ ರಫ್ತಿಗಾಗಿ ಗಣಿ ನಡೆದೇ ಇತ್ತು. ಅಮೆರಿಕ 2024ರಲ್ಲಿ ಬಿಳಿ ಕಲ್ನಾರಿನ ಮೇಲೂ ನಿಷೇಧ ಹೇರಿತು. ಕಲ್ನಾರು ಪ್ರತಿ ವರ್ಷ ಜಗತ್ತಿನಲ್ಲಿ 2 ಲಕ್ಷಕ್ಕೂ ಹೆಚ್ಚು ಸಾವಿಗೆ ಕಾರಣವಾಗುತ್ತಿದೆಯೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇಳಿಸುವ ಕ್ರಮ

ಷೀಟು ಗಟ್ಟಿಯಾಗಿದ್ದರೆ, ಒಡೆಯುವ ಭಯವಿಲ್ಲದಿದ್ದರೆ, ಅವಸರದಿಂದ ಕೀಳುವುದಕ್ಕಿಂತ ಕೊರೆಯದೆ, ಕೆರೆಯದೆ ಬಿಡುವುದು ಮೇಲು. ಇಳಿಸಬೇಕಾದಾಗ ಮೊದಲು ಎರಡೂ ಬದಿಯನ್ನು ಸಣ್ಣ ಹನಿಯ ನೀರಿನಿಂದ ನೆನೆಸಬೇಕು, ತುಸು ಸಾಬೂನು ಬೆರೆಸಿದರೆ ನೀರು ಚೆನ್ನಾಗಿ ಹೀರುತ್ತದೆ. ತುಕ್ಕು ಹಿಡಿದ ಜೆ ಬೋಲ್ಟನ್ನು ಷೀಟಿನ ಸಮೇತ ಜಗ್ಗದೆ ಬೋಲ್ಟನ್ನೇ ತುಂಡರಿಸಬೇಕು. ಷೀಟನ್ನು ಇಡಿಯಾಗಿ ಕೈಯಿಂದ ಕೈಗೆ ಇಳಿಸಬೇಕೇ ಹೊರತು ಮೇಲಿನಿಂದ ಎಸೆಯಬಾರದು. ಬಟ್ಟೆಯ ಟವಲಾಗಲಿ ಶಸ್ತ್ರಚಿಕಿತ್ಸೆಯ ಮಾಸ್ಕಾಗಲಿ ಸಾಲದು, ಸೂಕ್ಷ್ಮ ಕಣ ತಡೆಯುವ, ಮುಖಕ್ಕೆ ಬಿಗಿಯಾಗಿ ಕೂರುವ ಉಸಿರುಕವಚ ಬೇಕು. ಚೂರುಗಳನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯ ಸಮೇತ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ ಹೆಸರು ಬರೆಯಬೇಕು. ಇಳಿಸಿದ ಷೀಟನ್ನು ಕೋಳಿಗೂಡಿಗೋ ಸೌದೆ ಮನೆಗೋ ಮತ್ತೆ ಬಳಸುವುದು, ಚೂರುಗಳನ್ನು ಗುಂಡಿ ತುಂಬಲು ಹಾಕುವುದು ಎರಡೂ ಕೂಡದು.

ಕೇರಳದ ಅಪಾಯಕಾರಿ ತ್ಯಾಜ್ಯವನ್ನು ಭದ್ರವಾಗಿ ಹೂಳುವ ಸಾಮುದಾಯಿಕ ಘಟಕ ಕೊಚ್ಚಿಯ ಅಂಬಲಮೇಡಿನಲ್ಲಿದೆ. ಆದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿ ಕಲ್ನಾರಿನ ತ್ಯಾಜ್ಯವನ್ನು ಹೆಸರಿಸುವುದು ಕಲ್ನಾರು ಅಥವಾ ಅದರ ವಸ್ತುಗಳನ್ನು ಉತ್ಪಾದಿಸುವ ಪ್ರಕ್ರಿಯೆಯ ಕೆಳಗೆ. ಶಾಲೆ ಅಥವಾ ಮನೆಯ ಸೂರಿನಿಂದ ಇಳಿದ ಷೀಟು ಆ ಶೀರ್ಷಿಕೆಯೊಳಗೆ ನೇರವಾಗಿ ಬೀಳುವುದಿಲ್ಲ. ಪಂಚಾಯಿತಿಯೋ ನಗರಪಾಲಿಕೆಯೋ ಕೆಡಹುವ ಗುತ್ತಿಗೆಯ ಕರಾರಿನಲ್ಲಿ ನೆನೆಸುವುದು, ಉಸಿರುಕವಚ, ಕಟ್ಟುವುದು, ಅಂಬಲಮೇಡಿಗೆ ಸಾಗಿಸುವ ವೆಚ್ಚ ಮತ್ತು ಕೆಲಸಕ್ಕೆ ನಿಂತವರ ಹೆಸರುಪಟ್ಟಿ ಇವನ್ನು ಬೇರೆಯಾಗಿ ನಮೂದಿಸದಿದ್ದರೆ, ಷೀಟಿನ ಚೂರುಗಳು ಇತರ ಕಟ್ಟಡ ಅವಶೇಷಗಳೊಂದಿಗೆ ಲಾರಿಯಲ್ಲಿ ಹೋಗಿ ತಗ್ಗು ಜಾಗ ತುಂಬುತ್ತವೆ.